ನೀರು ಬೆರೆಸಿದಾಗ ದ್ರಾವಣದ ಪಿಎಚ್ ಎಷ್ಟು ಬದಲಾಗುತ್ತದೆ: ಲೆಕ್ಕ ಹಾಕುವ ಮತ್ತು ಅಳೆಯುವ ಕ್ರಮ

ಆಮ್ಲಕ್ಕೆ ನೀರು ಬೆರೆಸಿದರೆ ಪಿಎಚ್ ಏರುತ್ತದೆ, ಕ್ಷಾರಕ್ಕೆ ಬೆರೆಸಿದರೆ ಇಳಿಯುತ್ತದೆ, ಎರಡೂ 7ರ ಕಡೆಗೆ ಸರಿಯುತ್ತವೆ ಎಂಬುದನ್ನು ಹತ್ತನೆಯ ತರಗತಿಯ ಹೊತ್ತಿಗೆ ಎಲ್ಲರೂ ಓದಿರುತ್ತಾರೆ. ಎಷ್ಟು ನೀರಿಗೆ ಎಷ್ಟು ಏರಿಕೆ ಎಂದು ಕೇಳಿದಾಗ ಮಾತ್ರ ಉತ್ತರ ತಡವರಿಸುತ್ತದೆ. ಒಂದೇ ಪಿಎಚ್ ತೋರಿಸುವ ಮೂರು ದ್ರಾವಣಗಳನ್ನು ಹತ್ತು ಪಟ್ಟು ತೆಳುವಾಗಿಸಿದರೆ ಒಂದರ ಪಿಎಚ್ ಪೂರ್ತಿ ಒಂದು ಅಂಕ, ಇನ್ನೊಂದರದು ಅರ್ಧ ಅಂಕ ಏರಬಹುದು. ಮೂರನೆಯದು ಕದಲಿದ್ದೇ ತಿಳಿಯದಿರಬಹುದು. ಆದ್ದರಿಂದ ನೀರು ಸುರಿಯುವ ಮುನ್ನ ಎರಡು ಸಂಗತಿಗಳನ್ನು ತಿಳಿದುಕೊಳ್ಳಬೇಕು: ಕರಗಿರುವ ವಸ್ತು ಯಾವ ಬಗೆಯದು, ಮತ್ತು ಸುರಿಯುವ ನೀರು ಎಲ್ಲಿಯದು. ಮೊದಲನೆಯದನ್ನು ಪಾಠದಲ್ಲಿ ಹೇಳಿಕೊಡುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ, ಆದರೆ ಲೆಕ್ಕಕ್ಕೂ ಅಳತೆಗೂ ತಾಳೆಯಾಗದಿರುವುದಕ್ಕೆ ಬಹಳಷ್ಟು ಸಲ ಕಾರಣ ಅದೇ ಆಗಿರುತ್ತದೆ.

ಪಿಎಚ್ ಮಾನವನ್ನು 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸೆನ್ ಬಳಕೆಗೆ ತಂದರು. ಒಂದು ಲೀಟರಿನಲ್ಲಿರುವ ಹೈಡ್ರೋಜನ್ ಅಯಾನುಗಳ ಮೋಲ್ ಸಂಖ್ಯೆಯ ಲಾಗರಿದಮ್ ತೆಗೆದು, ಅದರ ಚಿಹ್ನೆಯನ್ನು ಬದಲಿಸಿದರೆ ಬರುವ ಅಂಕವೇ ಪಿಎಚ್. ಲಾಗರಿದಮ್ ಆಗಿರುವುದರಿಂದ ಒಂದು ಅಂಕದ ವ್ಯತ್ಯಾಸವೆಂದರೆ ಹತ್ತು ಪಟ್ಟು, ಎರಡು ಅಂಕವೆಂದರೆ ನೂರು ಪಟ್ಟು. ಹೀಗಾಗಿ ಪಿಎಚ್ ಅಂಕಗಳನ್ನು ಕೂಡಿ ಸರಾಸರಿ ತೆಗೆಯಬಾರದು. ಪಿಎಚ್ 3 ಇರುವ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅಷ್ಟೇ ಪ್ರಮಾಣದ ಶುದ್ಧ ನೀರನ್ನು ಸೇರಿಸಿದರೆ ಸಿಗುವುದು 5 ಅಲ್ಲ, 3.3. ಅಯಾನುಗಳ ಸಾರತೆ ಅರ್ಧವಾಯಿತು, 2ರ ಲಾಗರಿದಮ್ 0.3, ಆದ್ದರಿಂದ ಏರಿಕೆಯೂ 0.3.

ಪ್ರಬಲ ಆಮ್ಲ, ಪ್ರಬಲ ಕ್ಷಾರ

ಹೈಡ್ರೋಕ್ಲೋರಿಕ್, ನೈಟ್ರಿಕ್ ಮೊದಲಾದ ಪ್ರಬಲ ಆಮ್ಲಗಳು ನೀರಿನಲ್ಲಿ ಪೂರ್ತಿಯಾಗಿ ಅಯಾನುಗಳಾಗಿ ಒಡೆದಿರುತ್ತವೆ. ನೀರು ಬೆರೆಸಿದಾಗ ಹೊಸದಾಗಿ ಒಡೆಯುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ; ಇದ್ದ ಅಯಾನುಗಳೇ ಹೆಚ್ಚು ಜಾಗದಲ್ಲಿ ಹರಡಿಕೊಳ್ಳುತ್ತವೆ. ಲೆಕ್ಕ ಸರಳ: ಎಷ್ಟು ಪಟ್ಟು ತೆಳುವಾಯಿತೋ ಆ ಸಂಖ್ಯೆಯ ಲಾಗರಿದಮ್ಮನ್ನು ಹಳೆಯ ಪಿಎಚ್‌ಗೆ ಕೂಡಬೇಕು. 2ರ ಲಾಗರಿದಮ್ 0.3, 5ರದು 0.7, 10ರದು 1 ಎಂಬ ಮೂರು ಅಂಕಗಳು ನೆನಪಿದ್ದರೆ ಹೆಚ್ಚಿನ ಲೆಕ್ಕಗಳು ಬಾಯಲ್ಲೇ ಮುಗಿಯುತ್ತವೆ. 0.1 ಮೋಲಾರ್, ಅಂದರೆ ಲೀಟರಿಗೆ 0.1 ಮೋಲ್ ಇರುವ, ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 1. ಅದನ್ನು ಹತ್ತು ಪಟ್ಟು ತೆಳುವಾಗಿಸಿದರೆ 2, ನೂರು ಪಟ್ಟಿಗೆ 3. ಕಾಸ್ಟಿಕ್ ಸೋಡಾದಂಥ ಪ್ರಬಲ ಕ್ಷಾರದಲ್ಲಿ ಇದೇ ಲೆಕ್ಕ ತಿರುವುಮುರುವಾಗುತ್ತದೆ: 0.1 ಮೋಲಾರ್ ದ್ರಾವಣದ 13, ಹತ್ತು ಪಟ್ಟಿಗೆ 12, ನೂರು ಪಟ್ಟಿಗೆ 11.

ಇದೇ ಸೂತ್ರವನ್ನು ಕಣ್ಣುಮುಚ್ಚಿ ಮುಂದುವರಿಸಿದರೆ ಒಂದು ವಿಚಿತ್ರ ಉತ್ತರ ಸಿಗುತ್ತದೆ. 10⁻⁸ ಮೋಲಾರ್ ಆಮ್ಲದ ಪಿಎಚ್ 8 ಎನ್ನಬೇಕಾಗುತ್ತದೆ. ಅಂದರೆ ಆಮ್ಲವು ನೀರು ಕುಡಿದು ಕುಡಿದು ಕ್ಷಾರವಾಯಿತು ಎಂದಂತೆ. ಪಿಯುಸಿ ಪ್ರಶ್ನೆಪತ್ರಿಕೆಗಳಿಗೆ ಬಹಳ ಪ್ರಿಯವಾದ ಪ್ರಶ್ನೆ ಇದು. ನೀರು ತಾನೇ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ 10⁻⁷ ಮೋಲ್ ಹೈಡ್ರೋಜನ್ ಅಯಾನುಗಳನ್ನು ಕೊಡುತ್ತದೆ ಎಂಬುದನ್ನು ಮರೆತದ್ದೇ ತಪ್ಪಿಗೆ ಕಾರಣ. ಆಮ್ಲದ ಸಾರತೆ 10⁻⁶ಕ್ಕಿಂತ ಕೆಳಗಿಳಿದ ಮೇಲೆ ನೀರಿನ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎರಡನ್ನೂ ಸುಮ್ಮನೆ ಕೂಡಿದರೂ ಸರಿಯಾಗದು, ಏಕೆಂದರೆ ಆಮ್ಲವಿದ್ದಾಗ ನೀರು ತನ್ನ ಒಡೆಯುವಿಕೆಯನ್ನು ಸ್ವಲ್ಪ ತಗ್ಗಿಸಿಕೊಳ್ಳುತ್ತದೆ. ಹೈಡ್ರೋಜನ್ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನುಗಳ ಸಾರತೆಗಳ ಗುಣಲಬ್ಧ 10⁻¹⁴ ಆಗಿಯೇ ಉಳಿಯಬೇಕೆಂಬ ನಿಯಮವನ್ನಿಟ್ಟು ವರ್ಗಸಮೀಕರಣ ಬಿಡಿಸಿದರೆ 10⁻⁷ ಮೋಲಾರ್ ಆಮ್ಲಕ್ಕೆ 6.79, 10⁻⁸ಕ್ಕೆ 6.98 ಸಿಗುತ್ತದೆ. ಎಷ್ಟೇ ನೀರು ಸುರಿದರೂ ಆಮ್ಲ 7ನ್ನು ದಾಟಿ ಆಚೆಗೆ ಹೋಗುವುದಿಲ್ಲ.

ಇಲ್ಲಿ 7 ಎಂದಿರುವುದು 25 ಡಿಗ್ರಿಯ ಮಾತು. ಬಿಸಿಯಾದಂತೆ ನೀರು ಹೆಚ್ಚು ಒಡೆಯುತ್ತದೆ. 37 ಡಿಗ್ರಿಯಲ್ಲಿ ತಟಸ್ಥ ನೀರಿನ ಪಿಎಚ್ ಸುಮಾರು 6.8, ಕುದಿಯುವಾಗ ಸುಮಾರು 6.1. ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಅಯಾನುಗಳು ಸಮವಾಗಿಯೇ ಇರುವುದರಿಂದ ಅದು ಆಗಲೂ ತಟಸ್ಥವೇ.

ದುರ್ಬಲ ಆಮ್ಲಗಳು

ವಿನೆಗರ್‌ನ ಅಸಿಟಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ, ಹುಣಸೆಯ ಟಾರ್ಟಾರಿಕ್ ಆಮ್ಲ, ಮೊಸರಿನ ಲ್ಯಾಕ್ಟಿಕ್ ಆಮ್ಲ: ಅಡುಗೆಮನೆಯ ಹುಳಿಗಳೆಲ್ಲ ಈ ಗುಂಪಿನವು. ಇವುಗಳ ಅಣುಗಳಲ್ಲಿ ಒಂದು ಸಣ್ಣ ಪಾಲು ಮಾತ್ರ ಅಯಾನುಗಳಾಗಿ ಒಡೆದಿರುತ್ತದೆ, ಉಳಿದದ್ದು ಒಡೆಯದೆ ದಾಸ್ತಾನಾಗಿರುತ್ತದೆ. ನೀರು ಬೆರೆಸಿದಾಗ ಎರಡು ಕ್ರಿಯೆಗಳು ಒಟ್ಟಿಗೆ ನಡೆಯುತ್ತವೆ. ಇದ್ದ ಅಯಾನುಗಳು ಚದುರುತ್ತವೆ; ಜೊತೆಗೆ ದಾಸ್ತಾನಿನಿಂದ ಇನ್ನಷ್ಟು ಅಣುಗಳು ಒಡೆದು ಆ ಕೊರತೆಯನ್ನು ಭಾಗಶಃ ತುಂಬಿಕೊಡುತ್ತವೆ. ತೆಳುವಾದಷ್ಟೂ ಒಡೆಯುವ ಪಾಲು ಹೆಚ್ಚುತ್ತದೆ ಎಂಬ ಈ ಸಂಬಂಧವನ್ನು 1888ರಲ್ಲಿ ನಿಯಮದ ರೂಪದಲ್ಲಿ ಹೇಳಿದವರು ವಿಲ್ಹೆಲ್ಮ್ ಓಸ್ಟ್‌ವಾಲ್ಡ್. ಸೋರೆನ್‌ಸೆನ್ ಪಿಎಚ್ ಮಾನವನ್ನು ಪ್ರಕಟಿಸಿದ 1909ರಲ್ಲೇ ಓಸ್ಟ್‌ವಾಲ್ಡ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಕಾಕತಾಳೀಯ.

ಅಸಿಟಿಕ್ ಆಮ್ಲದ ಅಯಾನೀಕರಣ ಸ್ಥಿರಾಂಕ ಸುಮಾರು 1.75 × 10⁻⁵. ಆಮ್ಲದ ಸಾರತೆಯನ್ನು ಈ ಸ್ಥಿರಾಂಕದಿಂದ ಗುಣಿಸಿ ವರ್ಗಮೂಲ ತೆಗೆದರೆ ಹೈಡ್ರೋಜನ್ ಅಯಾನುಗಳ ಸಾರತೆ ಹೆಚ್ಚುಕಡಿಮೆ ಸಿಗುತ್ತದೆ. ವರ್ಗಮೂಲ ಬಂದದ್ದರಿಂದಲೇ ಏರಿಕೆ ಅರ್ಧಕ್ಕೆ ಇಳಿಯುವುದು. 0.1 ಮೋಲಾರ್ ದ್ರಾವಣದಲ್ಲಿ ನೂರಕ್ಕೆ ಸುಮಾರು 1.3 ಅಣುಗಳು ಒಡೆದಿರುತ್ತವೆ, ಪಿಎಚ್ 2.88. ಹತ್ತು ಪಟ್ಟು ತೆಳುವಾಗಿಸಿದರೆ ಒಡೆದ ಪಾಲು ನೂರಕ್ಕೆ 4ಕ್ಕೆ ಏರಿ ಪಿಎಚ್ 3.39 ಆಗುತ್ತದೆ, ಇನ್ನೂ ಹತ್ತು ಪಟ್ಟಿಗೆ ನೂರಕ್ಕೆ 12, ಪಿಎಚ್ 3.91. ದಾಸ್ತಾನು ಕರಗುತ್ತಾ ಬಂದಂತೆ ಅರ್ಧ ಅಂಕದ ನಿಯಮವೂ ಸಡಿಲವಾಗುತ್ತದೆ. 10⁻⁵ ಮೋಲಾರ್‌ಗೆ ಬಂದಾಗ ನೂರಕ್ಕೆ 70ಕ್ಕೂ ಹೆಚ್ಚು ಅಣುಗಳು ಒಡೆದು ಪಿಎಚ್ ಸುಮಾರು 5.15 ಆಗಿರುತ್ತದೆ, ಅಷ್ಟೇ ಸಾರತೆಯ ಹೈಡ್ರೋಕ್ಲೋರಿಕ್ ಆಮ್ಲದ್ದು 5. ಪ್ರಬಲ, ದುರ್ಬಲ ಎಂಬ ಭೇದ ಆ ಮಟ್ಟದಲ್ಲಿ ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ. ಅಲ್ಲಿ ವರ್ಗಮೂಲದ ಅಂದಾಜನ್ನು ಬಿಟ್ಟು ವರ್ಗಸಮೀಕರಣವನ್ನೇ ಬಿಡಿಸಬೇಕು. ನೂರಕ್ಕೆ 5ಕ್ಕಿಂತ ಹೆಚ್ಚು ಅಣುಗಳು ಒಡೆದಿದ್ದರೆ ಅಂದಾಜಿನ ಸೂತ್ರವನ್ನು ನಂಬದಿರುವುದು ಒಳ್ಳೆಯದು.

ಇದರಿಂದ ಒಂದು ಉಪಯುಕ್ತ ಪರೀಕ್ಷೆಯೂ ಸಿದ್ಧವಾಗುತ್ತದೆ. ಹೆಸರಿನ ಚೀಟಿ ಕಿತ್ತುಹೋದ ಸೀಸೆಯೊಂದರಲ್ಲಿ ಆಮ್ಲವಿದೆ, ಪಿಎಚ್ 2.9 ತೋರಿಸುತ್ತಿದೆ ಎಂದುಕೊಳ್ಳಿ. ಅದು ಸಾರ ಕಡಿಮೆಯಿರುವ ಪ್ರಬಲ ಆಮ್ಲವೋ ಸಾರ ಹೆಚ್ಚಿರುವ ದುರ್ಬಲ ಆಮ್ಲವೋ ಎಂಬುದನ್ನು ಆ ಒಂದು ಅಂಕ ಹೇಳದು. ಅದನ್ನು ಕರಾರುವಾಕ್ಕಾಗಿ ಹತ್ತು ಪಟ್ಟು ತೆಳುವಾಗಿಸಿ ಮತ್ತೆ ಅಳೆದಾಗ 3.9 ಬಂದರೆ ಪ್ರಬಲ, 3.4ರ ಆಸುಪಾಸಿನಲ್ಲಿ ನಿಂತರೆ ದುರ್ಬಲ.

ಬಫರ್ ದ್ರಾವಣಗಳು ಏಕೆ ಜಗ್ಗುವುದಿಲ್ಲ

ದುರ್ಬಲ ಆಮ್ಲವೂ ಅದರ ಲವಣವೂ ಒಟ್ಟಿಗಿರುವ ದ್ರಾವಣದಲ್ಲಿ, ಅಂದರೆ ಬಫರ್‌ನಲ್ಲಿ, ಪಿಎಚ್ ನಿರ್ಧಾರವಾಗುವುದು ಅವೆರಡರ ಅನುಪಾತದಿಂದ. ನೀರು ಎರಡನ್ನೂ ಒಂದೇ ಪ್ರಮಾಣದಲ್ಲಿ ತೆಳುವಾಗಿಸುತ್ತದೆಯಾದ್ದರಿಂದ ಅನುಪಾತ ಹಾಗೆಯೇ ಉಳಿಯುತ್ತದೆ. ಆದರೂ ಬದಲಾವಣೆ ಸೊನ್ನೆಯಲ್ಲ, ಏಕೆಂದರೆ ಅಯಾನುಗಳು ದೂರ ಸರಿದಾಗ ಅವುಗಳ ನಡುವಿನ ಸೆಳೆತ ಕಡಿಮೆಯಾಗಿ ಅವುಗಳ ವಾಸ್ತವ ಕ್ರಿಯಾಶೀಲತೆ ಬದಲಾಗುತ್ತದೆ. ಪಿಎಚ್ ಮೀಟರ್ ಸರಿಹೊಂದಿಸಲು ಬಳಸುವ, ಪಿಎಚ್ 4ರ ಥ್ಯಾಲೇಟ್ ಬಫರ್‌ಗೆ ಸಮಪ್ರಮಾಣದ ನೀರು ಸೇರಿಸಿದರೆ ಪಿಎಚ್ ಸುಮಾರು 0.05 ಏರುತ್ತದೆ, 6.86ರ ಫಾಸ್ಫೇಟ್ ಬಫರ್‌ನಲ್ಲಿ ಸುಮಾರು 0.08, 9.18ರ ಬೊರಾಕ್ಸ್ ದ್ರಾವಣದಲ್ಲಿ 0.01ರಷ್ಟು. ಬಫರ್ ಮಾತ್ರೆಯನ್ನು ಕರಗಿಸುವಾಗ ನೀರು ಎರಡು ಮಿಲಿಲೀಟರ್ ಹೆಚ್ಚಾಯಿತೆಂದು ಗಾಬರಿಯಾಗಬೇಕಿಲ್ಲ. ಆದರೆ ಪಿಎಚ್ ಉಳಿದರೂ ಬಫರ್‌ನ ಶಕ್ತಿ ಉಳಿಯುವುದಿಲ್ಲ ಎಂಬುದು ನೆನಪಿರಲಿ: ಹತ್ತು ಪಟ್ಟು ತೆಳುವಾದ ಬಫರ್ ಮೊದಲಿನ ಹತ್ತನೇ ಒಂದು ಪಾಲು ಆಮ್ಲಕ್ಕೇ ಸೋತುಹೋಗುತ್ತದೆ.

ಅಡುಗೆ ಸೋಡಾದ ದ್ರಾವಣ ಇದಕ್ಕೆ ಹತ್ತಿರದ ಸಂಬಂಧಿ. ಬೈಕಾರ್ಬನೇಟ್ ಆಮ್ಲವಾಗಿಯೂ ಪ್ರತ್ಯಾಮ್ಲವಾಗಿಯೂ ವರ್ತಿಸಬಲ್ಲದಾದ್ದರಿಂದ, ಹೊಸದಾಗಿ ಮಾಡಿದ ದ್ರಾವಣ ಗಟ್ಟಿಯಿರಲಿ ತೆಳುವಿರಲಿ 8.3ರ ಸುತ್ತಲೇ ಇರುತ್ತದೆ. ತರಗತಿಯಲ್ಲಿ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗ ಇಲ್ಲವೆಂದೇ ನನ್ನ ಎಣಿಕೆ.

ಮೊಸರಿಗೆ ನೀರು ಬೆರೆಸಿ ಮಜ್ಜಿಗೆ ಮಾಡಿದಾಗ ಹುಳಿ ತಗ್ಗುತ್ತದೆ, ಆದರೆ ಪಿಎಚ್ ಅಷ್ಟಾಗಿ ಏರುವುದಿಲ್ಲ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲದೊಂದಿಗೆ ಲ್ಯಾಕ್ಟೇಟ್, ಫಾಸ್ಫೇಟ್ ಮತ್ತು ಹಾಲಿನ ಪ್ರೋಟೀನುಗಳೂ ಇರುವುದರಿಂದ ಅದು ತಾನೇ ಒಂದು ಬಫರ್. ನಾಲಿಗೆಗೆ ತಿಳಿಯುವ ಹುಳಿ ಪಿಎಚ್ ಒಂದನ್ನೇ ಅವಲಂಬಿಸಿಲ್ಲ, ಒಟ್ಟು ಎಷ್ಟು ಆಮ್ಲವಿದೆ ಎಂಬುದೂ ಅದರಲ್ಲಿ ಸೇರಿದೆ. ಆ ಒಟ್ಟು ಪ್ರಮಾಣವನ್ನು ನೀರು ಖಂಡಿತ ತೆಳುವಾಗಿಸುತ್ತದೆ.

ಸುರಿಯುವ ನೀರು ಎಲ್ಲಿಯದು

ಇಲ್ಲಿಯವರೆಗಿನ ಲೆಕ್ಕಗಳೆಲ್ಲ ನೀರಿನಲ್ಲಿ ನೀರಲ್ಲದೆ ಬೇರೇನೂ ಇಲ್ಲ ಎಂಬ ನಂಬಿಕೆಯ ಮೇಲೆ ನಿಂತಿವೆ. ನಲ್ಲಿಯ ನೀರು ಹಾಗಿರುವುದಿಲ್ಲ. ಅದರಲ್ಲಿ ಕರಗಿರುವ ಬೈಕಾರ್ಬನೇಟ್ ಆಮ್ಲವನ್ನು ತಿನ್ನುತ್ತದೆ. ಈ ತಿನ್ನುವ ಸಾಮರ್ಥ್ಯಕ್ಕೆ ಕ್ಷಾರೀಯತೆ ಎನ್ನುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 (2012ರ ಪರಿಷ್ಕರಣೆ) ಪಿಎಚ್ 6.5ರಿಂದ 8.5ರ ಒಳಗಿರಬೇಕೆಂದೂ, ಕ್ಷಾರೀಯತೆ ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ ಲೀಟರಿಗೆ 200 ಮಿಲಿಗ್ರಾಂ ಮೀರದಿರುವುದು ಉತ್ತಮವೆಂದೂ, ಬೇರೆ ನೀರಿನ ಮೂಲವಿಲ್ಲದಿದ್ದರೆ 600ರವರೆಗೆ ಆಗಬಹುದೆಂದೂ ಹೇಳುತ್ತದೆ. ಲೀಟರಿಗೆ 200 ಮಿಲಿಗ್ರಾಂ ಎಂದರೆ ಸುಮಾರು 4 ಮಿಲಿಮೋಲ್ ಬೈಕಾರ್ಬನೇಟ್.

ಈಗ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ 10 ಮಿ.ಲೀ. ತೆಗೆದುಕೊಂಡು ಒಂದು ಲೀಟರಿಗೆ ತುಂಬಿಸೋಣ. ಬಟ್ಟಿ ಇಳಿಸಿದ ನೀರಾದರೆ ಪಿಎಚ್ 3. ಮೇಲೆ ಹೇಳಿದ ನಲ್ಲಿಯ ನೀರಾದರೆ, ಹಾಕಿದ 1 ಮಿಲಿಮೋಲ್ ಆಮ್ಲವನ್ನು 4 ಮಿಲಿಮೋಲ್ ಬೈಕಾರ್ಬನೇಟ್ ಪೂರ್ತಿಯಾಗಿ ನುಂಗಿ, ಇನ್ನೂ ಮೂರು ಪಾಲು ಉಳಿಸಿಕೊಂಡು ಪಿಎಚ್ 6.8ರ ಹತ್ತಿರ ನಿಲ್ಲುತ್ತದೆ. ಆಮ್ಲ ಅದೇ, ಅಳತೆ ಅದೇ, ಉತ್ತರದಲ್ಲಿ ಮಾತ್ರ ಸುಮಾರು ನಾಲ್ಕು ಅಂಕಗಳ ಅಂತರ! ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲುಸೀಮೆಯ ಕೊಳವೆಬಾವಿ ನೀರಿನಲ್ಲಿ ಕ್ಷಾರೀಯತೆ ಹೆಚ್ಚಿರುವುದು ಸಾಮಾನ್ಯ. ಕರಾವಳಿಯ ಮುರಕಲ್ಲಿನ ನೆಲದ ಬಾವಿಗಳಲ್ಲಿ ನೀರು ಮೆದುವಾಗಿದ್ದು, ಹಲವೆಡೆ ಪಿಎಚ್ 7ಕ್ಕಿಂತ ಕೆಳಗೇ ಇರುತ್ತದೆ. ಒಂದೇ ಪ್ರಯೋಗವನ್ನು ಎರಡು ಊರಿನ ವಿದ್ಯಾರ್ಥಿಗಳು ನಲ್ಲಿಯ ನೀರಿನಲ್ಲಿ ಮಾಡಿದರೆ ಇಬ್ಬರ ಉತ್ತರ ಒಂದೇ ಆಗಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಹಾಗೆಂದು ಬಟ್ಟಿ ಇಳಿಸಿದ ನೀರು 7 ತೋರಿಸುತ್ತದೆ ಎಂದುಕೊಳ್ಳುವಂತೆಯೂ ಇಲ್ಲ. ತೆರೆದಿಟ್ಟ ಪಾತ್ರೆಯಲ್ಲಿ ಅದು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು 5.6ರ ಹತ್ತಿರಕ್ಕೆ ಇಳಿಯುತ್ತದೆ. ನೀರು ಹಾಳಾಗಿದೆ ಎಂದು ಅದನ್ನು ಚೆಲ್ಲಬೇಕಾಗಿಲ್ಲ. ಸಾರವುಳ್ಳ ಆಮ್ಲಕ್ಕೆ ಬೆರೆಸುವಾಗ ಈ ಅಲ್ಪ ಆಮ್ಲತೆ ಲೆಕ್ಕಕ್ಕೇ ಬರುವುದಿಲ್ಲ. ತೆಳು ಕ್ಷಾರದಲ್ಲಿ ಮಾತ್ರ ಅದು ಆಟ ಕೆಡಿಸುತ್ತದೆ: 10⁻⁵ ಮೋಲಾರ್ ಕಾಸ್ಟಿಕ್ ಸೋಡಾ ದ್ರಾವಣ ಲೆಕ್ಕದಂತೆ 9 ತೋರಿಸಬೇಕು, ಗಾಳಿಯೊಂದಿಗೆ ಸಮಸ್ಥಿತಿಗೆ ಬಂದ ಮೇಲೆ ಅದು 6.2ರ ಆಸುಪಾಸಿಗೆ ಇಳಿದಿರುತ್ತದೆ. ಆದ್ದರಿಂದ ತೆಳು ಕ್ಷಾರಗಳನ್ನು ತಯಾರಿಸುವ ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿ ಆರಿಸಿ ಬಳಸಬೇಕು. ಮನೆಯ ಆರ್‌ಒ ಯಂತ್ರದ ನೀರಿನಲ್ಲಿ ಲವಣಗಳು ಬಹಳ ಕಡಿಮೆಯಾದರೂ ಸೊನ್ನೆಯಲ್ಲ. ಅಂದಾಜಿನ ಕೆಲಸಕ್ಕೆ ಸಾಕು, ಅಳತೆಯ ಕೆಲಸಕ್ಕೆ ಸಾಲದು.

ಮಾಡಿ ನೋಡುವ ಕ್ರಮ

ಪ್ರಯೋಗಕ್ಕೆ ಬಿಳಿ ವಿನೆಗರ್ ಉತ್ತಮ ಆಯ್ಕೆ. ನೂರಕ್ಕೆ 4ರಷ್ಟು ಅಸಿಟಿಕ್ ಆಮ್ಲವಿರುವ ವಿನೆಗರ್ ಸುಮಾರು 0.67 ಮೋಲಾರ್ ಇರುತ್ತದೆ, ಲೆಕ್ಕದ ಪಿಎಚ್ 2.5. ಪಿಪೆಟ್‌ನಲ್ಲಿ 10 ಮಿ.ಲೀ. ತೆಗೆದು 100 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಹಾಕಿ, ಕುತ್ತಿಗೆಯ ಗೆರೆಯವರೆಗೆ ಬಟ್ಟಿ ಇಳಿಸಿದ ನೀರು ತುಂಬಿ, ಮುಚ್ಚಳ ಹಿಡಿದು ಹಲವು ಬಾರಿ ತಲೆಕೆಳಗು ಮಾಡಿ ಬೆರೆಸಬೇಕು. ಹತ್ತು ಪಟ್ಟು ಎಂದರೆ 10 ಮಿ.ಲೀ.ಗೆ 90 ಮಿ.ಲೀ. ನೀರು, 100 ಮಿ.ಲೀ. ಅಲ್ಲ, ಆ 100 ಸುರಿದರೆ ಅದು ಹನ್ನೊಂದು ಪಟ್ಟಾಗುತ್ತದೆ. ಈ ಎರಡನೆಯ ದ್ರಾವಣದಿಂದ ಮತ್ತೆ 10 ಮಿ.ಲೀ. ತೆಗೆದು ಇದೇ ಕ್ರಮ ಅನುಸರಿಸಿದರೆ ನೂರು ಪಟ್ಟು ತೆಳುವಾದ ಮೂರನೆಯ ದ್ರಾವಣ ಸಿದ್ಧ. ನಿರೀಕ್ಷಿಸಬೇಕಾದ ಅಂಕಗಳು 2.5, 3.0 ಮತ್ತು 3.5.

ಮೀಟರನ್ನು ಪಿಎಚ್ 4 ಮತ್ತು 7ರ ಬಫರ್‌ಗಳಲ್ಲಿ ಸರಿಹೊಂದಿಸಿದ ನಂತರ ಅತ್ಯಂತ ತೆಳು ದ್ರಾವಣದಿಂದ ಅಳತೆ ಆರಂಭಿಸಿ ಗಟ್ಟಿಯದರ ಕಡೆಗೆ ಹೋಗಬೇಕು, ಆಗ ಎಲೆಕ್ಟ್ರೋಡಿಗೆ ಅಂಟಿದ ಹನಿಯಿಂದ ಆಗುವ ದೋಷ ಕಡಿಮೆ. ಪ್ರತಿ ಬಾರಿಯೂ ಎಲೆಕ್ಟ್ರೋಡನ್ನು ತೊಳೆದು ಟಿಶ್ಯೂ ಕಾಗದಕ್ಕೆ ತಾಗಿಸಿ ನೀರು ಹೀರಿಸಬೇಕು, ಉಜ್ಜಬಾರದು. ಅಯಾನುಗಳೇ ಇಲ್ಲದ ಶುದ್ಧ ನೀರಿನಲ್ಲಿ ಮೀಟರಿನ ಅಂಕ ಅತ್ತಿತ್ತ ತೇಲುತ್ತಲೇ ಇರುತ್ತದೆ. ಅದು ಯಂತ್ರದ ದೋಷವಲ್ಲ, ವಿದ್ಯುತ್ ಹರಿಯಲು ಬೇಕಾದಷ್ಟು ಅಯಾನುಗಳು ಇಲ್ಲದಿರುವುದರ ಫಲ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಅಳೆದವರಿಗೆ 1ರ ಬದಲು 1.1 ಕಂಡರೆ ಅದಕ್ಕೂ ಕಾರಣವಿದೆ: ಮೀಟರ್ ಅಳೆಯುವುದು ಅಯಾನುಗಳ ಕ್ರಿಯಾಶೀಲತೆಯನ್ನು, ತಲೆಎಣಿಕೆಯನ್ನಲ್ಲ.

ಇಷ್ಟಾದ ಮೇಲೆ ಇಡೀ ಪ್ರಯೋಗವನ್ನು ನಿಮ್ಮ ಮನೆಯ ನಲ್ಲಿ ನೀರಿನಲ್ಲಿ ಇನ್ನೊಮ್ಮೆ ಮಾಡಿ. ಕ್ಷಾರೀಯತೆ 200ರಷ್ಟಿದ್ದರೆ ಹತ್ತು ಪಟ್ಟಿನ ದ್ರಾವಣ 3.0ರ ಬದಲು 3.5ರ ಹತ್ತಿರವೂ, ನೂರು ಪಟ್ಟಿನದು 3.5ರ ಬದಲು 4.9ರ ಹತ್ತಿರವೂ ಬರಬೇಕು. ಅಸಿಟಿಕ್ ಆಮ್ಲದ ಒಂದು ಭಾಗ ಅಸಿಟೇಟ್ ಆಗಿ ಮಾರ್ಪಟ್ಟು, ನಿಮಗೆ ಗೊತ್ತಿಲ್ಲದೆಯೇ ಫ್ಲಾಸ್ಕಿನೊಳಗೆ ಒಂದು ಬಫರ್ ತಯಾರಾಗಿರುತ್ತದೆ. ಎರಡು ಸರಣಿಗಳ ಅಂತರವನ್ನು ನೋಡಿಯೇ ನಿಮ್ಮ ನೀರಿನ ಕ್ಷಾರೀಯತೆಯನ್ನು ಸ್ಥೂಲವಾಗಿ ಊಹಿಸಬಹುದು.

ಸಾರೀಕೃತ ಆಮ್ಲದಿಂದ ಆರಂಭಿಸುವವರು ಕನ್ನಡಕ, ಕೈಗವಸು ಧರಿಸಿ, ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರು ಸುರಿಯಬಾರದು; ವಿಶೇಷವಾಗಿ ಸಲ್ಫ್ಯೂರಿಕ್ ಆಮ್ಲದಲ್ಲಿ ಹುಟ್ಟುವ ಶಾಖಕ್ಕೆ ಮೇಲಿನ ನೀರು ಕುದಿದು ಆಮ್ಲದೊಂದಿಗೆ ಸಿಡಿಯುತ್ತದೆ. ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 12 ಮೋಲಾರ್ ಇರುವುದರಿಂದ ಒಂದು ಲೀಟರ್ 0.1 ಮೋಲಾರ್ ದ್ರಾವಣಕ್ಕೆ ಅದರ 8.3 ಮಿ.ಲೀ. ಸಾಕು.

ಉಳಿದದ್ದನ್ನು ಚೆಲ್ಲುವ ಮುನ್ನ

ಉಳಿದ ಆಮ್ಲವನ್ನು ಬಚ್ಚಲಿಗೆ ಸುರಿದು ಒಂದು ಬಕೆಟ್ ನೀರು ಹಾಕಿದರೆ ಆಯಿತು ಎಂಬ ರೂಢಿ ಅನೇಕ ಕಡೆ ಇದೆ. ಪರಿಸರ ಸಂರಕ್ಷಣಾ ನಿಯಮಗಳ (1986) ಸಾಮಾನ್ಯ ಮಾನಕಗಳ ಪ್ರಕಾರ ಹೊರಬಿಡುವ ತ್ಯಾಜ್ಯನೀರಿನ ಪಿಎಚ್ 5.5ರಿಂದ 9.0ರ ಒಳಗಿರಬೇಕು. ಪಿಎಚ್ 1 ಇರುವ ಒಂದು ಲೀಟರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಶುದ್ಧ ನೀರೊಂದರಿಂದಲೇ 5.5ಕ್ಕೆ ತರಬೇಕಾದರೆ ನಾಲ್ಕೂವರೆ ಅಂಕಗಳ ಏರಿಕೆ, ಅಂದರೆ ಸುಮಾರು 31,600 ಪಟ್ಟು ನೀರು ಬೇಕು: ಮೂರು ದೊಡ್ಡ ಟ್ಯಾಂಕರುಗಳಷ್ಟು. ಅದೇ ಆಮ್ಲವನ್ನು ತಟಸ್ಥಗೊಳಿಸಲು 8.4 ಗ್ರಾಂ ಅಡುಗೆ ಸೋಡಾ ಸಾಕು. ಅಗಲ ಬಾಯಿಯ ಪಾತ್ರೆಯಲ್ಲಿ ಆಮ್ಲವನ್ನಿಟ್ಟುಕೊಂಡು, ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಕಲಕಬೇಕು. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಹೊರಚೆಲ್ಲುತ್ತದೆ. ಗುಳ್ಳೆಗಳು ನಿಂತ ಮೇಲೆ ಪಿಎಚ್ ಕಾಗದದಲ್ಲಿ ಪರೀಕ್ಷಿಸಿ, 6ರಿಂದ 8ರ ನಡುವೆ ಬಂದದ್ದು ಖಚಿತವಾದಾಗ ಚೆಲ್ಲಬಹುದು.